ಬತ್ತಳಿಕೆಯಲ್ಲಿ ಒಂದು ಹಿಡಿ ಕುಂಕುಮ

ಮೊದಲು "ಝುಂ" ಎಂಬ ಸಣ್ಣ ನಡುಕ, ಆಮೇಲೆ ಒಂದು ಉಸಿರಿನಷ್ಟು ಮೌನ, ಕೊನೆಗೆ "ಥಪ್". ನ್ಯೂಜೆರ್ಸಿಯ ಹಿಲ್ಸ್‌ಬರೋದ ನಮ್ಮ ಮನೆಯ ಹಿತ್ತಲಲ್ಲಿ ಸಂಜೆಯಾದರೆ ಕೇಳುತ್ತಿದ್ದ ಸದ್ದು ಅದು. ಚಿಕ್ಕಪ್ಪ ಬಿಟ್ಟ ಬಾಣ ಒಣಹುಲ್ಲಿನ ಪಿಂಡಿಗೆ ನಾಟುತ್ತಿದ್ದ ಸದ್ದು. ಈಗ ನಾನಿರುವುದು ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ. ಗರಾಜಿನಲ್ಲಿ ಸೀರೆ ಒಣಹಾಕಲು ಬಿಗಿದು ಕಟ್ಟಿರುವ ನೈಲಾನ್ ಹಗ್ಗಕ್ಕೆ ಕೈ ತಾಗಿದರೆ ಸಾಕು, ಆ "ಝುಂ" ಕೇಳುತ್ತದೆ. ಮುಂದಿನ "ಥಪ್"ಗಾಗಿ ಬುಟ್ಟಿ ಹಿಡಿದುಕೊಂಡು ಕಾಯುತ್ತಾ ನಿಂತುಬಿಡುತ್ತೇನೆ. ಅದು ಬರುವುದಿಲ್ಲ. "ಅಮ್ಮಾ, ಆರ್ ಯು ಓಕೆ?" ಎಂದು ಮಗಳು ಒಳಗಿನಿಂದ ಕೂಗುತ್ತಾಳೆ. ಓಕೆ ಎನ್ನುತ್ತೇನೆ. ಐವತ್ತು ವರ್ಷದಿಂದ ಹಾಗೇ ಹೇಳಿಕೊಂಡು ಬಂದಿದ್ದೇನೆ.

ಅರವತ್ತರ ದಶಕದ ಕೊನೆಯಲ್ಲಿ ನಾವು ಆ ಹಳೆಯ ಫಾರ್ಮ್‌ಹೌಸನ್ನು ಬಾಡಿಗೆಗೆ ಹಿಡಿದಾಗ ನನಗೆ ಒಂಬತ್ತು ವರ್ಷ. ಅಪ್ಪ ಔಷಧಿ ಕಂಪನಿಯೊಂದರಲ್ಲಿ ಕೆಮಿಸ್ಟ್. ಅಪ್ಪನ ತಮ್ಮ ಚಂದ್ರು ಚಿಕ್ಕಪ್ಪ ಯೂನಿವರ್ಸಿಟಿಯಲ್ಲಿ ಪಿಎಚ್‌.ಡಿ. ಮಾಡಲು ಬಂದು ನಮ್ಮ ಜೊತೆಗೇ ಇದ್ದ. ಬೇಸ್‌ಮೆಂಟಿನ ತಣ್ಣನೆಯ ಮಣ್ಣಿನ ವಾಸನೆ, ಅದರ ಮೇಲೆ ಅಮ್ಮ ಹುರಿಯುತ್ತಿದ್ದ ಧನಿಯದ ಘಮ, ಎರಡೂ ಸೇರಿದ್ದೇ ನನಗೆ ಆ ಮನೆ. ಹಿತ್ತಲು ಮುಗಿದಲ್ಲಿ ಜೋಳದ ಹೊಲ, ಹೊಲದಾಚೆ ಕಾಡು, ಕಾಡಿನೊಳಗೆ ಒಂದು ತೊರೆ. ಅಷ್ಟೂ ಮಿಸ್ಟರ್ ನೋವಾಕ್ ಎಂಬ ಮುದುಕ ರೈತನದು. ಅವನ ಒಂದು ಮಂಡಿ ಹೋಗಿತ್ತು. ಕೋಲೂರಿಕೊಂಡು ಬೇಲಿಯವರೆಗೆ ಬರುತ್ತಿದ್ದ, ಅಷ್ಟೆ.

ಬಿಲ್ಲು ಸಿಕ್ಕಿದ್ದು ಯಾರದೋ ಗರಾಜ್ ಸೇಲ್‌ನಲ್ಲಿ, ಮುರುಕು ಲ್ಯಾಂಪುಗಳ ನಡುವೆ. ಮರದ್ದು, ಹಳೆಯದು, ವಾರ್ನಿಷ್ ಬಿರುಕುಬಿಟ್ಟಿತ್ತು. ಜೊತೆಗೆ ಬಂದ ಚರ್ಮದ ಬತ್ತಳಿಕೆಯ ತಳದ ಹೊಲಿಗೆ ಒಂದು ಮೂಲೆಯಲ್ಲಿ ಬಿಚ್ಚಿಕೊಂಡಿತ್ತು. "ಇದರಲ್ಲಿ ಕಾಗೆ ಹೊಡಿಯೋಕೂ ಆಗಲ್ಲ ಕಣೋ," ಎಂದು ಅಪ್ಪ ನಕ್ಕರು. ನೋವಾಕ್ ನಗಲಿಲ್ಲ. ನಮ್ಮ ಮುತ್ತಾತ ಮೈಸೂರು ಸೀಮೆಯ ಕಾಡುಗಳಲ್ಲಿ ದೊಡ್ಡವರ ಶಿಕಾರಿಗೆ ಹೆಜ್ಜೆ ಹುಡುಕಿಕೊಡುತ್ತಿದ್ದವರೆಂದು ಚಿಕ್ಕಪ್ಪ ಹೇಳಿದ್ದೇ ತಡ, ಮುದುಕ ಅವನನ್ನು ಶಿಷ್ಯನಾಗಿ ಮಾಡಿಕೊಂಡ. ಹೊಸ ಬಿಲ್ಲಿದ್ದವನು ದೂರದಿಂದ ಹೊಡೆಯುವ ಆಸೆಗೆ ಬೀಳುತ್ತಾನೆ, ಹಳೆಯ ಬಿಲ್ಲಿದ್ದವನು ಹತ್ತಿರ ಹೋಗುವುದನ್ನು ಕಲಿಯುತ್ತಾನೆ ಎನ್ನುವುದು ಅವನ ಮಾತು. ಇಪ್ಪತ್ತು ಹೆಜ್ಜೆಯೊಳಗೆ ಬರದಿದ್ದರೆ ಕೈ ಎತ್ತಬೇಡ. ಗಾಳಿ ಮುಖಕ್ಕೆ ಬರುವಂತೆ ಸುತ್ತಿಕೊಂಡು ಹೋಗು. ಬಿಲ್ಲಿನ ಹೆದೆಗೆ ಜೇನುಮೇಣ ಹಚ್ಚು. ಬಾಣ ತಗುಲಿದ ಮೇಲೆ ಹಿಂದೆ ಓಡಬೇಡ. ಅರ್ಧ ಗಂಟೆ ಕಾದು, ಆಮೇಲೆ ಎಲೆ ಎಲೆ ನೋಡಿಕೊಂಡು ರಕ್ತದ ಜಾಡು ಹಿಡಿ. ಎಲೆ ಉದುರುವ ಮೊದಲ ಫಾಲ್‌ನಲ್ಲೇ ಆ ಮುರುಕು ಬಿಲ್ಲಿನಿಂದ ಚಿಕ್ಕಪ್ಪ ಎರಡು ಜಿಂಕೆ ತಂದ. ಅಮ್ಮ ಮೆಣಸು ಕೊತ್ತಂಬರಿ ಅರೆದು ಮಾಡಿದ ಹುರುಕಲನ್ನು ನೋವಾಕ್ ಕಣ್ಣೀರು ಸುರಿಸುತ್ತಾ ತಿಂದು, ತಟ್ಟೆ ಮುಂದೆ ಚಾಚಿ "ಮೋರ್" ಎಂದಿದ್ದ.

ಆದರೆ ಅವನದೊಂದು ಷರತ್ತಿತ್ತು. ಗಾಯಗೊಂಡ ಪ್ರಾಣಿಯನ್ನು ಹುಡುಕದೆ ಬಿಟ್ಟುಬಂದವನು ಮತ್ತೆ ತನ್ನ ನೆಲಕ್ಕೆ ಕಾಲಿಡಕೂಡದು. ಚಿಕ್ಕಪ್ಪ ಕೈಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದ. ಎರಡನೆಯ ಫಾಲ್ ಬರುವ ಹೊತ್ತಿಗೆ ಅವನ ಲ್ಯಾಬ್ ಕೆಲಸ ಕೆಟ್ಟಿತ್ತು, ಪ್ರೊಫೆಸರ್ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ, ಊಟದ ಮೇಜಿನಲ್ಲಿ ಅಪ್ಪ ಮತ್ತು ಅವನ ನಡುವೆ ಮಾತು ಕಡಿಮೆಯಾಗಿತ್ತು. ಆ ಕಾಡೊಂದರಲ್ಲೇ ಅವನು ಬೆನ್ನು ನೆಟ್ಟಗೆ ಮಾಡಿ ನಡೆಯುತ್ತಿದ್ದದ್ದು. ಮಕ್ಕಳಿಗೆ ಇದೆಲ್ಲ ಯಾರೂ ಹೇಳಬೇಕಾಗಿಲ್ಲ, ಅಲ್ಲವೇ?

ಆ ವರ್ಷದ ಆಯುಧಪೂಜೆ ವಾರದ ನಡುವೆ ಬಂತು. ನಾನು ಸ್ಕೂಲ್‌ಬಸ್ಸಿಗೆ ಹೋಗುವ ಮೊದಲೇ ಅಮ್ಮ ಈಳಿಗೆಮಣೆ, ಅಪ್ಪ ಲೆಕ್ಕ ಮಾಡುತ್ತಿದ್ದ ಸ್ಲೈಡ್‌ರೂಲು, ಹೊಲಿಗೆ ಮಿಷನ್ನು, ಚಿಕ್ಕಪ್ಪನ ಬಿಲ್ಲು ಬತ್ತಳಿಕೆ ಎಲ್ಲ ಸಾಲಾಗಿಟ್ಟು ಪೂಜೆ ಮಾಡಿದರು. ಡ್ರೈವ್‌ವೇಯಲ್ಲಿ ಅಪ್ಪನ ಕಾರಿಗೂ ಆರತಿಯಾಯಿತು. ಕುಂಕುಮ ಮೈಸೂರಿನಿಂದ ಯಾರದೋ ಸೂಟ್‌ಕೇಸಿನಲ್ಲಿ ಬಂದದ್ದು, ವರ್ಷವಿಡೀ ಅದೇ ಆಗಬೇಕು. ಬಿಲ್ಲಿಗೆ ಚಿಟಿಕೆಯಷ್ಟೇ ಸಿಕ್ಕಿತು. ನನಗೆ ಸಾಲದೆನಿಸಿತು. ಚಿಕ್ಕಪ್ಪನಿಗೆ ಹೆಚ್ಚು ದೇವರ ದಯೆ ಬೇಕಾಗಿದೆಯೆಂದು ನನ್ನ ಲೆಕ್ಕ. ಅಮ್ಮ ಅಡುಗೆಮನೆಗೆ ಹೋದಾಗ ಡಬ್ಬಿಯಿಂದ ಒಂದು ಹಿಡಿ ತುಂಬಿ ತೆಗೆದು ಬತ್ತಳಿಕೆಯ ತಳಕ್ಕೆ ಸುರಿದೆ. ಕೈ ತೊಳೆದುಕೊಂಡು ಬಸ್ ಹತ್ತಿದೆ.

ಮಧ್ಯಾಹ್ನ ಮನೆಗೆ ಬಂದಾಗ ತಣ್ಣನೆಯ ಗಾಳಿ ಬೀಸುತ್ತಿತ್ತು. ಆಕಾಶ ಹಳೆಯ ಸ್ಟೀಲ್ ತಪ್ಪಲೆಯ ತಳದ ಹಾಗೆ ಕಪ್ಪಗಿತ್ತು. ಚಿಕ್ಕಪ್ಪ ಬಿಲ್ಲು ಎತ್ತಿಕೊಂಡು ಹಿಂಬಾಗಿಲಲ್ಲಿ ನಿಂತಿದ್ದ, ಅಮ್ಮ ಅಡ್ಡ ನಿಂತಿದ್ದರು.

"ಪೂಜೆಗಿಟ್ಟ ಆಯುಧಾನ ಇವತ್ತು ಎತ್ತಬಾರದು ಚಂದ್ರು. ನಾಳೆ ವಿಜಯದಶಮಿ ಆಗ್ಲಿ."

"ಅತ್ತಿಗೇ, ನೋವಾಕ್ ಸೇಬಿನ ಮರದ ಹತ್ರ ಜಿಂಕೆ ನೋಡಿದಾನಂತೆ. ಅಣ್ಣ ಕಾರಿಗೆ ಪೂಜೆ ಮಾಡಿ ಅದನ್ನೇ ಓಡಿಸ್ಕೊಂಡು ಆಫೀಸಿಗೆ ಹೋಗಿಲ್ವಾ?"

"ಕಾರೇನು ಪ್ರಾಣ ತೆಗಿಯುತ್ತಾ?"

"ನೀವು ನ್ಯೂಜೆರ್ಸಿ ಡ್ರೈವರ್‌ಗಳನ್ನ ನೋಡಿಲ್ಲ ಬಿಡಿ!"

ಅಮ್ಮನಿಗೂ ನಗು ಬಂತು. ಆ ನಗುವಿನ ಸಂದಿಯಲ್ಲೇ ಅವನು ನುಸುಳಿಕೊಂಡು ಹೋದ.

ಒಂದು ಗಂಟೆಯ ನಂತರ ಹಿಂದಿರುಗಿ ಬಂದವನ ಕಣ್ಣು ಹೊಳೆಯುತ್ತಿತ್ತು. ಹೆಣ್ಣು ಜಿಂಕೆ, ಹದಿನೈದೇ ಹೆಜ್ಜೆ ದೂರ, ಬಾಣ ತಗುಲಿದೆ. ಅರ್ಧ ಗಂಟೆ ಕಾಯಬೇಕೆಂದು ಅಡುಗೆಮನೆಯಲ್ಲಿ ನಿಂತೇ ಕಾಫಿ ಕುಡಿದ. ಹೊರಗೆ ತುಂತುರು ಹನಿ ಶುರುವಾಯಿತು. "ಮಳೆ ಜೋರಾದ್ರೆ ಜಾಡು ತೊಳೆದುಹೋಗುತ್ತೆ. ಪುಟ್ಟಿ, ನಿನ್ನ ಕಣ್ಣು ಶಾರ್ಪು, ಬಾ," ಎಂದು ನನಗೆ ರೇನ್‌ಕೋಟ್ ತೊಡಿಸಿ, ಟಾರ್ಚ್ ಕೊಟ್ಟು ಕರೆದುಕೊಂಡು ಹೊರಟ. ಬೇಲಿಯ ಹತ್ತಿರ ನೋವಾಕ್ ಕೋಲೂರಿ ನಿಂತಿದ್ದ. "ಫೈಂಡ್ ಹರ್, ಸನ್," ಎಂದಷ್ಟೇ ಹೇಳಿದ.

ಸೇಬಿನ ಮರದಡಿ ಮೊದಲ ಕಲೆ ಕಂಡಿತು. ನಂತರ ಮೇಪಲ್ ಎಲೆಯ ಮೇಲೆ ಒಂದು, ಕಲ್ಲಿನ ಮೇಲೆ ಒಂದು. ಚಿಕ್ಕಪ್ಪ ಬಗ್ಗಿ ಬೆರಳಿಟ್ಟು ಮುಂದೆ ಸಾಗುತ್ತಿದ್ದ. ಅವನು ಅಷ್ಟು ಸುಖವಾಗಿದ್ದದ್ದನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ. ಬಿದ್ದ ದೊಡ್ಡ ಮರವೊಂದರ ಹತ್ತಿರ ಜಾಡು ನಿಂತಿತು. ಎಡಕ್ಕೆ ಜೌಗು, ಬಲಕ್ಕೆ ತೊರೆ. ಬೆಳಕು ಇಳಿಯುತ್ತಿತ್ತು. ಬಲಗಡೆಯ ಎಲೆಗಳ ಮೇಲೆ ಟಾರ್ಚ್ ಬಿದ್ದಾಗ ಕೆಂಪು ಹನಿಗಳು ಸಾಲಾಗಿ ಹೊಳೆದವು. "ಇಲ್ನೋಡು! ಮುತ್ತಾತನ ಕಣ್ಣು ನಮಗೆ ಸುಮ್ನೆ ಬಂದಿದೆಯಾ?" ಎನ್ನುತ್ತಾ ಅವನು ತೊರೆಯ ಕಡೆಗೆ ತಿರುಗಿದ. ಅವನ ಹಿಂದೆ ನಾನೂ ಬಗ್ಗಿ ಒಂದು ಎಲೆ ಎತ್ತಿಕೊಂಡೆ. ಬೆರಳಿಗೆ ಕೆಂಪು ಅಂಟಿತು. ಮೂಗಿನ ಹತ್ತಿರ ತಂದೆ.

ಅರಿಶಿನ, ನಿಂಬೆ, ಒಂದಿಷ್ಟು ಕರ್ಪೂರ. ನಮ್ಮ ದೇವರ ಗೂಡಿನ ವಾಸನೆ.

ಗಾಳಿಗೆ ಎದುರಾಗಿ ಬರಲು ಮಧ್ಯಾಹ್ನ ತೊರೆಯನ್ನೇ ಸುತ್ತಿಕೊಂಡು ಸೇಬಿನ ಮರದ ಹತ್ತಿರ ಬಂದೆನೆಂದು ಕಾಫಿ ಕುಡಿಯುವಾಗ ಅವನೇ ಹೇಳಿದ್ದ. ಬತ್ತಳಿಕೆಯ ಬಿಚ್ಚಿದ ಹೊಲಿಗೆಯಿಂದ ದಾರಿಯುದ್ದಕ್ಕೂ ಸೋರಿದ ನನ್ನ ಕುಂಕುಮ ಈಗ ಹನಿ ಬಿದ್ದು ರಕ್ತವಾಗಿತ್ತು. ಅವನು ತಾನೇ ಬಂದ ದಾರಿಯನ್ನು ಹಿಡಿದು ಹೋಗುತ್ತಿದ್ದ. ಒಂದು ಮಾತು ಸಾಕಾಗಿತ್ತು. ಕದ್ದ ಕುಂಕುಮಕ್ಕೆ ಅಮ್ಮ ಏನೆನ್ನುತ್ತಾರೋ ಎಂಬ ಭಯ ಇದ್ದದ್ದು ನಿಜ. ಆದರೆ ಅದಕ್ಕಿಂತ ಅವನ ಮುಖದ ಆ ಸಂತೋಷವನ್ನು ನಾನೇ ನಂದಿಸಬೇಕಲ್ಲ ಎಂಬುದು ನನ್ನ ಬಾಯಿ ಕಟ್ಟಿತು. ಇನ್ನೊಂದು ಎಲೆ ನೋಡಲಿ, ಆಮೇಲೆ ಹೇಳೋಣ. ಇನ್ನೊಂದು. ಹಾಗೆ ತೊರೆಯುದ್ದಕ್ಕೂ ನಡೆದೆವು. ಕತ್ತಲಾಯಿತು. ಮಳೆ ಜೋರಾಗಿ ಎರಡೂ ಕೆಂಪನ್ನು ತೊಳೆಯಿತು. ಇಲ್ಲಿಗೆ ಬರುವ ಮೊದಲು ನಾನು ಓದಿದ ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು "ಸಿನ್ ಆಫ್ ಒಮಿಷನ್" ಎಂದು ಬೋರ್ಡಿನ ಮೇಲೆ ಬರೆದು, ಹೇಳಬೇಕಾದ್ದನ್ನು ಹೇಳದಿರುವುದೂ ಪಾಪವೇ ಎಂದು ವಿವರಿಸಿದ್ದರು. ಅಂದು ಅದು ಸ್ಪೆಲ್ಲಿಂಗ್ ಟೆಸ್ಟಿನ ಪದವಾಗಿತ್ತು, ಅಷ್ಟೆ.

ಬೇಲಿಯಲ್ಲಿ ನೋವಾಕ್ ನೆನೆಯುತ್ತಾ ನಿಂತೇ ಇದ್ದ. ಚಿಕ್ಕಪ್ಪ ತಲೆಯಾಡಿಸಿದ. ಮುದುಕ ಕೋಲೂರಿಕೊಂಡು ತನ್ನ ಮನೆಯ ಕಡೆ ತಿರುಗಿದ. ಮರುದಿನ ಬೆಳಿಗ್ಗೆಯೂ ಚಿಕ್ಕಪ್ಪ ತೊರೆಯಾಚೆಯನ್ನೇ ಜಾಲಾಡಿದ. ರಕ್ತ ಅತ್ತ ಹೋಗಿದ್ದನ್ನು ಕಣ್ಣಾರೆ ಕಂಡಿದ್ದನಲ್ಲ. ಮೂರನೆಯ ದಿನ ಜೌಗಿನ ಮೇಲೆ ಕಾಗೆಗಳು ಸುತ್ತತೊಡಗಿದವು. ಕೆಟ್ಟ ಮಂಡಿ ಎಳೆದುಕೊಂಡು ನೋವಾಕನೇ ಹೋದ. ಬಿದ್ದ ಮರದಿಂದ ಎಡಕ್ಕೆ ಎಂಬತ್ತೇ ಹೆಜ್ಜೆಯಲ್ಲಿ ಜಿಂಕೆ ಸತ್ತುಬಿದ್ದಿತ್ತು. ಸಂಜೆ ಚಿಕ್ಕಪ್ಪನ ಬಾಣವನ್ನು ಚೆನ್ನಾಗಿ ತೊಳೆದು, ಒರೆಸಿ, ನಮ್ಮ ಮೆಟ್ಟಿಲ ಮೇಲಿಟ್ಟು, ಬಾಗಿಲು ತಟ್ಟದೆ ಹಿಂದಿರುಗಿದ. ಚಿಕ್ಕಪ್ಪ ಮತ್ತೆ ಬೇಲಿ ದಾಟಲಿಲ್ಲ. ಬಿಲ್ಲು ಬೇಸ್‌ಮೆಂಟಿಗೆ ಇಳಿಯಿತು. "ನನಗೆ ರಕ್ತ ಓದೋಕೂ ಬರಲ್ಲ ಅತ್ತಿಗೇ," ಎಂದು ಒಂದು ರಾತ್ರಿ ಊಟದ ನಡುವೆ ಹೇಳಿ ಕೈ ತೊಳೆದುಕೊಂಡ. ಡಿಸೆಂಬರಿನಲ್ಲಿ ಓದು ಬಿಟ್ಟು, ಓಹಾಯೋದಲ್ಲಿ ಸಿಕ್ಕಿದ ಯಾವುದೋ ಕೆಲಸಕ್ಕೆ ಹೊರಟ.

ಎರಡು ವರ್ಷದ ನಂತರ ಅಲ್ಲಿಂದ ಫೋನ್ ಬಂತು. ಐಸ್ ಕಟ್ಟಿದ ರಸ್ತೆ, ಜಾರಿದ ಕಾರು, ಚಿಕ್ಕಪ್ಪ ಉಳಿದಿರಲಿಲ್ಲ. ಆಮೇಲೆ ಅಮ್ಮ ಯಾವ ಆಯುಧಪೂಜೆಯಲ್ಲೂ ಕಾರಿಗೆ ಆರತಿ ಎತ್ತಲಿಲ್ಲ. ಆ ಮನೆ ಈಗಿಲ್ಲ. ಹೊಲದ ತುಂಬ ಒಂದೇ ಬಣ್ಣದ ಟೌನ್‌ಹೌಸುಗಳು. ಅಲ್ಲಿರುವ ನನ್ನ ಗೆಳತಿ, ಜಿಂಕೆಗಳು ಬಂದು ಗುಲಾಬಿಯನ್ನೆಲ್ಲ ತಿಂದುಹಾಕುತ್ತವೆಂದು ಕಂಪ್ಲೇಂಟ್ ಮಾಡುತ್ತಾಳೆ.

ಅವನನ್ನು ನಾನು ಕೊನೆಯ ಸಲ ನೋಡಿದ್ದು ಆ ಡಿಸೆಂಬರಿನಲ್ಲಿ, ನ್ಯೂವಾರ್ಕ್‌ನ ಬಸ್ ಸ್ಟೇಷನ್ನಿನಲ್ಲಿ. ಹೊರಡುವ ಮೊದಲು ಅಮ್ಮ ಅವನ ಹಣೆಗೆ ಕುಂಕುಮವಿಟ್ಟಿದ್ದರು. ಹಿಮದ ಹನಿ ಬಿದ್ದು ಅದು ಹುಬ್ಬಿನವರೆಗೆ ಇಳಿದಿತ್ತು. ಬಸ್ಸಿನೊಳಗೆ ಕಿಟಕಿಯ ಪಕ್ಕ ಕೂತವನು ಹಣೆ ಒರೆಸಿಕೊಂಡು, ಬೆರಳಿನ ಒದ್ದೆ ಕೆಂಪನ್ನು ನೋಡಿದ. ಬಹಳ ಹೊತ್ತು ನೋಡಿದ. ಮೂಗಿನ ಹತ್ತಿರ ತಂದ. ಆಮೇಲೆ ತಲೆ ಎತ್ತಿ, ಅಪ್ಪನನ್ನಲ್ಲ, ಅಮ್ಮನನ್ನಲ್ಲ, ನನ್ನನ್ನು ನೋಡಿದ. ನಾನು ಕಣ್ಣು ತಪ್ಪಿಸಲಿಲ್ಲ, ಅಷ್ಟನ್ನಾದರೂ ಮಾಡಿದೆ. ಬಸ್ಸು ಅಲುಗಿತು. ಅವನು ಆ ಬೆರಳನ್ನು ನಿಧಾನವಾಗಿ ತನ್ನ ತುಟಿಗಳ ಮೇಲಿಟ್ಟು, ಯಾರಿಗೂ ಹೇಳಬೇಡ ಎನ್ನುವಂತೆ ತಲೆಯಾಡಿಸಿದ. ತುಟಿಯ ಮೇಲೆ ಒಂದು ಕೆಂಪು ಚುಕ್ಕೆ ಉಳಿಯಿತು.