ಗಾದಿಯವರ ಮಗಳ ಪ್ಯಾಡು

ಬೀದರಿನ ಮೈಲೂರು ಗಲ್ಲಿಯಲ್ಲಿ ಶೈಸ್ತಾಳನ್ನು ಜನ ‘ಒಲಿಂಪಿಕ್’ ಎಂದೇ ಕರೆಯುತ್ತಾರೆ. ನಮ್ಮ ಹೆಂಗಸರ ಐಸ್ ಹಾಕಿ ತಂಡ ಒಲಿಂಪಿಕ್ಸಿಗೆ ಇನ್ನೂ ಹೋಗಿಲ್ಲವೆಂದು ಮೊದಮೊದಲು ಅವಳು ತಿಳಿಸಿ ಹೇಳುತ್ತಿದ್ದಳು. “ಇರ್ಲಿ ಬಿಡವಾ, ನೀ ಹೋದ ಮ್ಯಾಲ ಮತ್ತೊಂದು ಹೆಸರು ಎಲ್ಲಿ ಹುಡುಕ್ಕೋತ ಕೂಡೋಣು?” ಎಂದು ಎದುರುಮನೆಯ ಅಂಬೂಬಾಯಿ ನಕ್ಕ ಮೇಲೆ ಸುಮ್ಮನಾದಳು. ಈಗ ಅವಳು ದೇಶದ ತಂಡದ ಗೋಲ್‌ಕೀಪರ್. ತರಬೇತಿ ಶಿಬಿರ ಇಲ್ಲದ ತಿಂಗಳುಗಳಲ್ಲಿ ಬೆಳಗಿನ ಬಸ್ಸು ಹಿಡಿದು ಭಾಲ್ಕಿಯ ಶಾಲೆಯೊಂದಕ್ಕೆ ಸ್ಕೇಟಿಂಗ್ ಕಲಿಸಲು ಹೋಗುತ್ತಾಳೆ.

ಅವಳ ತಂದೆ ರಶೀದ ಅಹ್ಮದ ಹತ್ತಿ ಹಿಂಜಿ ಗಾದಿ ತುಂಬುವವರು. ಔರಾದದವರೆಗೂ ಮದುವೆ ಮನೆಗಳಿಗೆ ಅವರ ಗಾದಿಯೇ ಹೋಗುತ್ತಿದ್ದ ಕಾಲವಿತ್ತು. ಅಂಗಡಿಗಳಲ್ಲಿ ಸ್ಪಂಜಿನ ಹಾಸಿಗೆ ಬಂದ ಮೇಲೆ ಕೆಲಸ ಅರ್ಧಕ್ಕಿಳಿಯಿತು. ಆ ಸಿಟ್ಟಿಗೆ ಅವರು ಮನೆಯೊಳಗೆ ಸ್ಪಂಜಿನ ತುಂಡನ್ನೂ ಬಿಟ್ಟುಕೊಂಡವರಲ್ಲ. ಹೆಂಡತಿ ಮರಿಯಮಬೀ ಪಾತ್ರೆಯನ್ನು ತೆಂಗಿನ ನಾರಿನಿಂದಲೇ ತಿಕ್ಕಬೇಕು.

ಶೈಸ್ತಾ ಶಾಲೆಯ ಸಿಮೆಂಟಿನ ಅಂಗಳದಲ್ಲಿ ಚಕ್ರದ ಬೂಟಿನಲ್ಲಿ ಹಾಕಿ ಆಟ ಕಲಿತಳು. ಓಟ ನಿಧಾನವೆಂದು ತರಬೇತುದಾರ ಭಾಲಚಂದ್ರ ಸರ್ ಅವಳನ್ನು ಗೋಲಿನ ಮುಂದೆ ನಿಲ್ಲಿಸಿದರು. ಕಾಲಿಗೆ ಕಟ್ಟುವ ದಪ್ಪ ಪ್ಯಾಡು ಬೀದರಿನಲ್ಲಿ ಸಿಗಲಿಲ್ಲ. ರಶೀದ ಅಹ್ಮದರು ಒಂದು ಚಿತ್ರ ನೋಡಿಕೊಂಡು, ಬಿಸ್ಮಿಲ್ಲಾ ಎಂದು ಸೂಜಿ ಹಿಡಿದು, ಒತ್ತಿ ಒತ್ತಿ ಹತ್ತಿ ತುಂಬಿ ಒಂದು ಜೋಡಿ ಹೊಲಿದುಕೊಟ್ಟರು. ಆರು ವರ್ಷ ಆ ಪ್ಯಾಡು ಎಂಥ ಹೊಡೆತವನ್ನೂ ತಡೆಯಿತು.

ಇಪ್ಪತ್ತರ ವಯಸ್ಸಿನಲ್ಲಿ ದೇಶದ ತಂಡದ ಆಯ್ಕೆಗೆಂದು ಲೇಹ್‌ಗೆ ಕರೆ ಬಂತು. ಬೇಕಾಗಿದ್ದುದು ಒಬ್ಬಳೇ ಗೋಲ್‌ಕೀಪರ್. ಅಲ್ಲಿನ ತರಬೇತುದಾರರು ಶಿಬಿರದ ಪ್ಯಾಡು ಕಟ್ಟಿಕೊಳ್ಳಲು ಹೇಳಿದರು. ಒತ್ತಿ ನೋಡಿದರೆ ಒಳಗೆ ಸ್ಪಂಜು. ತನಗೆ ತನ್ನವೇ ಒಗ್ಗಿವೆ ಎಂದು ಶೈಸ್ತಾ ಹಿಂದಿರುಗಿಸಿದಳು.

ಆಯ್ಕೆ ಪಂದ್ಯದ ಮೊದಲ ಎರಡು ಅವಧಿಯಲ್ಲಿ ಒಂದೂ ಗೋಲು ಬಿಡಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಮಂಜುಗಡ್ಡೆಯ ಅಂಗಳದ ಮೇಲೆ ತೆಳ್ಳಗೆ ನೀರು ಒಸರುತ್ತಿತ್ತು. ಅವಳು ಮೊಣಕಾಲೂರಿದಾಗಲೆಲ್ಲ ಹತ್ತಿ ಅದನ್ನು ಹೀರಿತು. ಮೂರನೆಯ ಅವಧಿಗೆ ಕಾಲೆತ್ತುವುದೇ ಕಷ್ಟವಾಯಿತು. ಬಿಸಿಲು ಗುಡ್ಡದ ಹಿಂದೆ ಸರಿದು ಗಾಳಿ ಬೀಸಿದಾಗ ಪ್ಯಾಡು ಹೆಪ್ಪುಗಟ್ಟಿ ಹಲಗೆಯಂತೆ ಬಿಗಿಯಾಯಿತು. ನಾಲ್ಕು ಗೋಲು ಹೋದವು. ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ.

ಹೊಸಬರನ್ನು ಒಂದು ವರ್ಷ ಕಾಯಿಸುತ್ತಾರೆಂದು ಮನೆಯಲ್ಲಿ ಸುಳ್ಳು ಹೇಳಿದಳು. ರಶೀದ ಅಹ್ಮದರು ಮೊಳೆಗೆ ತೂಗುಹಾಕಲೆಂದು ಪ್ಯಾಡು ಎತ್ತಿದವರು ಹಾಗೇ ನಿಂತರು. ಹೆಬ್ಬೆರಳಿನಿಂದ ಉದ್ದಕ್ಕೂ ಒತ್ತಿ ನೋಡಿದರು.

“ಇದು ನೀರು ಕುಡದದ.”

“ಸ್ವಲ್ಪ, ಅಬ್ಬಾ.”

“ಸ್ವಲ್ಪ ಅಲ್ಲ ಬೇಟಿ. ಒಳಗ ಹತ್ತಿ ಗಂಟ ಕಟ್ಟೇದ. ಎಷ್ಟು ಗೋಲು ಹೋದ್ವು?”

“ನಾಕು.”

“ಒಣಗಿದ್ದಾಗ?”

“ಒಂದೂ ಇಲ್ಲ.”

ಅವರು ಪ್ಯಾಡು ಕೆಳಗಿಟ್ಟು ಸಂಜೆಯ ಮಗ್ರಿಬ್ ನಮಾಜಿಗೆ ಹೊರಟುಹೋದರು. ಆವತ್ತು ಮಸೀದಿಯಿಂದ ತಡವಾಗಿ ಬಂದರು.

ಮರುದಿನ ಪ್ಯಾಡು ಬಗಲಲ್ಲಿಟ್ಟು, ಅಳತೆಗೆಂದು ಮಗಳನ್ನೂ ಕರೆದುಕೊಂಡು ಹೊರಟರು. ನಿಂತದ್ದು ಬಸ್ಸು, ಆಟೋಗಳಿಗೆ ಸೀಟು ಹೊಲಿಯುವ ಖಾಸಿಂ ಅಲಿಯ ಅಂಗಡಿಯ ಮುಂದೆ.

“ಏನ್ರಿ ರಶೀದಭಾಯಿ, ದಾರಿ ತಪ್ಪಿ ಬಂದ್ರೇನು? ಇಲ್ಲಿ ಇರೋರೆಲ್ಲಾ ನಿಮ್ಮ ದುಶ್ಮನ್‌ರೇ ನೋಡ್ರಿ!” ಎಂದು ಖಾಸಿಂ ಅಲಿ ಸ್ಪಂಜಿನ ರಾಶಿ ತೋರಿಸಿ ನಕ್ಕ.

“ದುಶ್ಮನ್ ಕಡೀನೇ ಕೆಲಸ ಬಿದ್ದದ. ಇದ್ರಾಗ ನೀರು ಕುಡೀದೇ ಇರೋನು ಯಾವನು, ತೋರ್ಸು.”

ಒಂದೊಂದು ತುಂಡನ್ನೂ ಬಕೆಟ್ಟಿನಲ್ಲಿ ಮುಳುಗಿಸಿ, ಹಿಂಡಿ ನೋಡಿದರು. ಹನ್ನೆರಡನೆಯದು, ಗಟ್ಟಿ ಕರಿಯದು, ಒಣಗಿದಂತೆಯೇ ಮೇಲೆ ಬಂತು. ಅದನ್ನು ಮನೆಗೆ ತಂದಾಗ ಮರಿಯಮಬೀ ಬಾಗಿಲಲ್ಲೇ ತಡೆದರು. “ಹಂಗಾರ ನನ್ನ ಪಾತ್ರಿ ತಿಕ್ಕಲಿಕ್ಕೂ ಒಂದು ತರಬೇಕಿತ್ತಲ್ರಿ?”

“ನಿನ್ನ ಪಾತ್ರಿ ಲೇಹ್‌ಗೆ ಹೋಗಲ್ಲ” ಎಂದು ಅವರು ಒಳಗೆ ಹೋಗಿ ಗಾದಿ ಹೊಲಿಯುವ ಅದೇ ಸೂಜಿಗೆ ದಾರ ಪೋಣಿಸಿದರು.

ಮುಂದಿನ ಚಳಿಗಾಲ ಶೈಸ್ತಾ ಮತ್ತೆ ಲೇಹ್‌ಗೆ ಹೋದಳು. ಆಯ್ಕೆಯ ದಿನ ಸಂಜೆ ಮನೆಗೆ ಫೋನು ಮಾಡಿದಳು.

“ನೀರು ಕುಡೀತೇನು?” ರಶೀದ ಅಹ್ಮದರು ಕೇಳಿದ್ದು ಅದನ್ನೇ.

“ಇಲ್ಲ ಅಬ್ಬಾ.”

“ಕಡೀತನಕ?”

“ಕಡೀತನಕ ಒಂದು ಹನಿನೂ ಇಲ್ಲ.”

“ಹ್ಞೂಂ. ಖಾಸಿಂ ಅಲಿಗಿ ಹೇಳಬೇಕು” ಎಂದು ಅವರು ಫೋನು ಇಡಲು ಹೋದರು.

“ಅಬ್ಬಾ, ಪಟ್ಟಿಯೊಳಗ ನನ್ನ ಹೆಸರು ಬಂದದ.”

“ಅದು ನೀರಿಲ್ಲ ಅಂದಾಗ್ಲೇ ಗೊತ್ತಾಯ್ತು” ಎಂದರು. ಆಮೇಲೆ ಫೋನನ್ನು ಮರಿಯಮಬೀಯ ಕೈಗೆ ಕೊಟ್ಟು ನಮಾಜಿಗೆಂದು ಕೈಕಾಲು ತೊಳೆದು ವಜೂ ಮಾಡಲು ನಲ್ಲಿಯ ಕಡೆ ನಡೆದರು.