ಹಸಿರಿನ ಕೆಳಗಿನ ಚುಕ್ಕೆ

"ಅಮ್ಮಾ, ತಕ್ಕಡಿ ತಾತ ದುಡ್ಡಿನ ಉಪ್ಪಿನಕಾಯಿ ಹಾಕ್ತಾರಾ?"

ಐದು ವರ್ಷದ ಮಗಳು ಕೆಳಗಿನ ಮನೆಯಿಂದ ಮೆಟ್ಟಿಲು ಹತ್ತಿ ಬಂದವಳೇ ಹೀಗೆ ಕೇಳಿದಾಗ ತಾಯಿ ಒಗೆದ ಬಟ್ಟೆ ಮಡಚುತ್ತಿದ್ದಳು. ನಗು ಬಂತು. ಆಮೇಲೆ ಏನೋ ಹೊಳೆದು ಮಗಳ ಕೈಯೆರಡನ್ನೂ ತಿರುಗಿಸಿ ನೋಡಿದಳು. ಜಿಡ್ಡೇನೂ ಇರಲಿಲ್ಲ. ಆದರೂ ಸೋಪು ಹಚ್ಚಿ ತೊಳೆಸಿ, "ನಡಿ, ಅವರನ್ನೇ ಕೇಳೋಣ" ಎಂದು ಕೆಳಗಿಳಿದಳು.

ಕಿಟಕಿ ಪಕ್ಕದ ಮೇಜಿನ ಮೇಲೆ ನಿಜಕ್ಕೂ ಒಂದು ಗಾಜಿನ ಭರಣಿ ಇತ್ತು. ಅರ್ಧದಷ್ಟು ಬಣ್ಣವಿಲ್ಲದ ಎಣ್ಣೆ, ತಳದಲ್ಲಿ ಒಂದೇ ಒಂದು ತಾಮ್ರದ ನಾಣ್ಯ. ನಾಣ್ಯ ಎನ್ನುವುದಕ್ಕಿಂತ ಪಾಚಿಗಟ್ಟಿದ ಗುಂಡಿ ಎನ್ನಬೇಕು, ಅಷ್ಟು ಹಸಿರು. ತಾತ ಮಗುವಿಗೆ ಗಂಭೀರವಾಗಿಯೇ ಉತ್ತರ ಕೊಟ್ಟರು. "ಉಪ್ಪಿನಕಾಯಿ ಅಲ್ಲ ಪುಟ್ಟಿ. ಇದಕ್ಕೆ ಹುಷಾರಿಲ್ಲ. ಮುಟ್ಟಬೇಡ. ಹಸಿರು ಪುಡಿ ಬಾಯಿಗೆ ಹೋದ್ರೆ ನಿನಗೂ ಹುಷಾರಿರಲ್ಲ."

"ನನ್ನ ಮೊಣಕಾಲಿಗೆ ಇಷ್ಟು ಎಣ್ಣೆ ಹಚ್ಚಿದ್ರೆ ನಾನು ಓಡಾಡ್ತಿದ್ದೆ" ಎಂದು ಒಳಗಿನಿಂದ ಅಜ್ಜಿಯ ದನಿ ಬಂತು.

ತಾತ ಮೂವತ್ತೊಂದು ವರ್ಷ ಅಂಗಡಿ ಅಂಗಡಿ ಸುತ್ತಿ ತಕ್ಕಡಿ, ತೂಕದ ಬಟ್ಟು ತಪಾಸಣೆ ಮಾಡಿದ ಸರ್ಕಾರಿ ನೌಕರ. ಕೆಲಸ ಬಿಟ್ಟು ಹದಿಮೂರು ವರ್ಷವಾದರೂ ಬೀದಿಯವರ ಬಾಯಲ್ಲಿ ‘ತಕ್ಕಡಿ ತಾತ’ ಎಂಬ ಹೆಸರು ಉಳಿದಿದೆ. ಈಗಲೂ ತರಕಾರಿಯವನು ಅವರಿಗೆ ಒಂದು ಈರುಳ್ಳಿ ಜಾಸ್ತಿಯೇ ಹಾಕುತ್ತಾನೆ, ಅವರು ಅದನ್ನು ತೆಗೆದು ವಾಪಸ್ಸು ಇಡುತ್ತಾರೆ. ನಿವೃತ್ತಿಯಾದ ಮೇಲೆ ಹಳೆ ನಾಣ್ಯ ತೊಳೆಯುವ ಗೀಳು ಹತ್ತಿದೆ. ಯಾರಾದರೂ ತಂದುಕೊಟ್ಟರೆ ಮಾಡಿಕೊಡುತ್ತಾರೆ.

"ನಿಂಬೆಹಣ್ಣು, ಉಪ್ಪು ಹಾಕಿ ಉಜ್ಜಿದ್ರೆ ಐದು ನಿಮಿಷದ ಕೆಲಸ ಅಲ್ವಾ ತಾತ?" ಎಂದಳು ಮಗುವಿನ ತಾಯಿ. "ನಮ್ಮನೆ ತಾಮ್ರದ ಚೊಂಬು ನಾನು ಹಾಗೇ ಬೆಳಗೋದು."

ಎರಡು ಕಿವಿಗೂ ಕಾದ ಸೀಸ ಸುರಿದಂತಾಯಿತು ತಾತನಿಗೆ. "ನಮ್ಮಕ್ಕನೂ ಅದನ್ನೇ ಅಂದ್ಳು! ಚೊಂಬು ಬೇರೆ ಅಮ್ಮ. ಒಬ್ಬ ಅಂಗಡಿಯವನು ನಾನು ಬರ್ತೀನಿ ಅಂತ ಗೊತ್ತಾಗಿ ಹಿತ್ತಾಳೆ ಬಟ್ಟುಗಳನ್ನೆಲ್ಲ ಹುಳಿ ಹಚ್ಚಿ ತಿಕ್ಕಿ ತಿಕ್ಕಿ ಕನ್ನಡಿ ಮಾಡಿಟ್ಟಿದ್ದ. ತೂಗಿದ್ರೆ ಒಂದೂ ಸರಿ ಇಲ್ಲ. ಹೊಳಪು ಬಂತು, ತೂಕ ಹೋಯ್ತು. ದಂಡ ಹಾಕುವಾಗ ನನಗೇ ಅಳು ಬಂತು. ಹುಳಿ ಹಸಿರನ್ನ ಮಾತ್ರ ತಿನ್ನಲ್ಲ, ತಾಮ್ರನೂ ತಿನ್ನುತ್ತೆ. ಇದರ ಮೇಲೆ ಒಂದು ಗುರುತಿದೆ. ಅದು ಹೋದ್ರೆ ನಾನು ಹೋದ ಹಾಗೆ."

ಗುರುತಿನ ಕತೆ ಹೀಗೆ. ತಾತನ ಅಪ್ಪ ತಕ್ಕಡಿ ರಿಪೇರಿ ಮಾಡುತ್ತಿದ್ದವರು. ಮಕ್ಕಳಿಬ್ಬರಿಗೂ ಒಂದೊಂದು ತಾಮ್ರದ ನಾಣ್ಯ ಕೊಟ್ಟು, ಜಗಳವಾಡಬಾರದೆಂದು ಅಂಚಿನ ಬಳಿ ಮೊಳೆಯಿಂದ ಗುರುತು ಹೊಡೆದಿದ್ದರು. ಅಕ್ಕನದಕ್ಕೆ ಒಂದು ಚುಕ್ಕೆ, ತಮ್ಮನದಕ್ಕೆ ಅಕ್ಕಪಕ್ಕ ಎರಡು. ವಾರವೂ ಕಳೆಯಲಿಲ್ಲ, ಆಡುವಾಗ ಒಂದು ನಾಣ್ಯ ಚರಂಡಿಗೆ ಬಿತ್ತು. ಯಾರದ್ದು ಎಂದು ಅಪ್ಪ ಕೇಳಿದರೆ ಇಬ್ಬರದೂ ಒಂದೇ ಮಾತು: "ನನ್ನದನ್ನ ನಿಮ್ಮ ಸಾಮಾನಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೀನಿ. ಬಿದ್ದಿದ್ದು ನನ್ನದಲ್ಲ." ಪೆಟ್ಟಿಗೆ ತಡಕಿದರೆ ಏನೂ ಸಿಗಲಿಲ್ಲ. ಒಬ್ಬರ ಸುಳ್ಳಿಗೆ ಇಬ್ಬರ ಬೆನ್ನಿಗೂ ಏಟು ಬಿತ್ತು. ಅಂದಿನಿಂದ ಅರವತ್ತೈದು ವರ್ಷ ಅಕ್ಕ ತಮ್ಮ ಒಬ್ಬರನ್ನೊಬ್ಬರು "ಸುಳ್ಳುಬುರುಕ", "ಸುಳ್ಳುಬುರುಕಿ" ಎಂದೇ ಛೇಡಿಸುತ್ತಾ ಬಂದಿದ್ದಾರೆ. ನಕ್ಕೇ ಅನ್ನುತ್ತಾರೆ. ಆದರೂ ಬಿಟ್ಟಿಲ್ಲ.

ಎರಡು ವಾರದ ಹಿಂದೆ ಅಕ್ಕ ಮನೆ ಬದಲಾಯಿಸುವಾಗ ಅಪ್ಪನ ಪೆಟ್ಟಿಗೆಯ ತಳದ ಹಲಗೆ ಕಿತ್ತು ಬಂದು, ಅದರಡಿಯಲ್ಲಿ ಈ ನಾಣ್ಯ ಸಿಕ್ಕಿತು. ಅಂದರೆ ಇಬ್ಬರಲ್ಲಿ ಒಬ್ಬರು ನಿಜ ಹೇಳಿದ್ದರು. ಅಕ್ಕ ನಿಂಬೆಹಣ್ಣು ಹೆಚ್ಚಿಕೊಂಡು ಕೂತಿದ್ದಳು, ತಾತ ಬಸ್ಸು ಹತ್ತಿ ಹೋಗಿ ಕಿತ್ತುಕೊಂಡು ಬಂದರು.

ಈ ಕತೆ ಕೇಳಿದ ದಿನದಿಂದ ಮಗುವಿನ ತಾಯಿಗೂ ದಿನಾ ಒಮ್ಮೆ ಇಣುಕುವುದು ರೂಢಿಯಾಯಿತು. ನೋಡುತ್ತಾ ನೋಡುತ್ತಾ ಕ್ರಮವೆಲ್ಲ ತಿಳಿಯಿತು. ಮೊದಲ ವಾರ ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ನೆನೆಸಿದ್ದರಂತೆ, ನೀರು ದಿನಾ ಬದಲಿಸಿ. ನೀರು ಪೂರ್ತಿ ಆರಿದ ಮೇಲೆ ಔಷಧಿ ಅಂಗಡಿಯ ಪ್ಯಾರಾಫಿನ್ ಎಣ್ಣೆ. ಎಣ್ಣೆ ಹಸಿರನ್ನು ಮೆತ್ತಗೆ ಮಾಡುತ್ತದೆ, ಅವಸರ ಪಡುವುದಿಲ್ಲ. ನಾಲ್ಕು ದಿನಕ್ಕೊಮ್ಮೆ ತೆಗೆದು, ಕೈಗವಸು ಹಾಕಿಕೊಂಡು, ಭೂತಗನ್ನಡಿಯ ಕೆಳಗಿಟ್ಟು, ಬಿದಿರಿನ ಹಲ್ಲುಕಡ್ಡಿಯ ತುದಿಯಿಂದ ಎಷ್ಟು ಸಡಿಲವಾಗಿದೆಯೋ ಅಷ್ಟನ್ನೇ ಬಿಡಿಸುತ್ತಾರೆ. ಬರದಿದ್ದರೆ ಮತ್ತೆ ಎಣ್ಣೆಗೆ. ತೆಳ್ಳಗೆ, ಗಟ್ಟಿಯಾಗಿ, ಹೊಳೆಯುತ್ತಾ ಕೂತ ಕಡು ಹಸಿರನ್ನು ಮುಟ್ಟುವುದಿಲ್ಲ. "ಅದು ನಾಣ್ಯದ ಚರ್ಮ. ಪುಡಿ ಪುಡಿಯಾಗಿ ಬರೋ ತಿಳಿ ಹಸಿರೇ ರೋಗ." ಸೂಜಿ, ಬ್ಲೇಡು ಮೇಜಿನ ಹತ್ತಿರವೂ ಸುಳಿಯುವಂತಿಲ್ಲ.

ಭಾನುವಾರ ಭಾನುವಾರ ಅಕ್ಕನ ಫೋನು. ಸ್ಪೀಕರಿನಲ್ಲಿ ಇಡೀ ಮನೆಗೆ ಕೇಳುವಂತೆ, "ಏನೋ ತಮ್ಮಾ, ಇನ್ನೂ ಮುಗೀಲಿಲ್ವಾ ನಿನ್ನ ನಾಣ್ಯದ ಬಾಣಂತನ?"

"ಮುಗಿಯುತ್ತೆ ಅಕ್ಕ, ಅವಸರ ಯಾಕೆ?"

"ನನಗೆ ಎಪ್ಪತ್ತಾರು ಕಣೋ. ನಿನ್ನ ಸುಳ್ಳು ಬಯಲಾಗೋದನ್ನ ನೋಡಿಯೇ ಕಣ್ಣು ಮುಚ್ಚಬೇಕು ಅಂತಿದ್ದೀನಿ. ಮುಂದಿನ ಭಾನುವಾರ ಬರ್ತೀನಿ, ಆದಷ್ಟು ಆಗಲಿ."

ಫೋನಿಟ್ಟ ಮೇಲೆ ತಾತ ನಗಲಿಲ್ಲ. "ಅವಳು ತಮಾಷೆ ಮಾಡ್ತಾಳೆ. ಆದ್ರೆ ಪೆಟ್ಟಿಗೆಯಲ್ಲಿ ಇಟ್ಟಿದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ ಅಮ್ಮ. ಇಷ್ಟು ವರ್ಷ ಊರವರ ಸುಳ್ಳು ತೂಕಕ್ಕೆಲ್ಲ ದಂಡ ಹಾಕಿದವನು ನಾನು."

ಶನಿವಾರ ಮಧ್ಯಾಹ್ನ ಮಗಳು ಮಲಗಿದ್ದಾಗ ಕೆಳಗಿನಿಂದ ತಾತನ ಕರೆ ಬಂತು. ಅವಳು ಹೋಗುವಷ್ಟರಲ್ಲಿ ನಾಣ್ಯ ಬಿಳಿ ಬಟ್ಟೆಯ ಮೇಲೆ ಕೂತಿತ್ತು. ಎರಡು ತಿಂಗಳ ಹಿಂದಿನ ಪಾಚಿಯ ಗುಂಡಿಯಲ್ಲ, ಕಂದು ಬಣ್ಣದ ಹಳೆಯ, ಮರ್ಯಾದಸ್ಥ ನಾಣ್ಯ. ತಾತ ಭೂತಗನ್ನಡಿ ಅವಳತ್ತ ಸರಿಸಿದರು. ಅಂಚಿನ ಬಳಿ ಒಂದು ಚುಕ್ಕೆ ಸ್ಪಷ್ಟವಾಗಿತ್ತು. ಅದರ ಪಕ್ಕದಲ್ಲಿಯೇ, ಎರಡನೆಯದು ಇದ್ದರೆ ಇರಬೇಕಾದ ಜಾಗದಲ್ಲಿ, ಸಾಸಿವೆ ಕಾಳಿನಷ್ಟು ತಿಳಿ ಹಸಿರು.

"ಇಷ್ಟೇ ಉಳಿದಿರೋದು" ಎಂದಳು ಅವಳು. "ಅದೂ ಮೆತ್ತಗಾಗಿದೆ, ಈಗಲೋ ಆಗಲೋ ಅನ್ನೋ ಹಾಗಿದೆ. ತೆಗೀರಿ ಮತ್ತೆ!"

ತಾತ ಕೈ ಮುಂದೆ ಮಾಡಲಿಲ್ಲ. ಬೆಳಿಗ್ಗೆಯಿಂದ ಮೂರು ಸಲ ಕೂತೆ, ಎದ್ದೆ ಎಂದರು. ಮೊದಲ ಸಲ ಕಡ್ಡಿ ಹಿಡಿದಿದ್ದರು. ಎರಡನೆಯ ಸಲವೂ ಕಡ್ಡಿಯೇ. ಮೂರನೆಯ ಸಲ ನೋಡಿಕೊಂಡರೆ ಕೈಯಲ್ಲಿ ಅಜ್ಜಿಯ ಹೊಲಿಗೆ ಡಬ್ಬಿಯ ಸೂಜಿ ಇತ್ತು. ಯಾವಾಗ ಎತ್ತಿಕೊಂಡರೋ ಅವರಿಗೇ ಗೊತ್ತಿಲ್ಲ.

"ತಾಮ್ರ ಮೆತ್ತಗಿನ ಲೋಹ. ಹಸಿರು ಬಿಡಿಸೋ ನೆಪದಲ್ಲಿ ಸೂಜಿ ಒಂದು ಚೂರು ಒತ್ತಿದ್ರೆ ಸಾಕು, ಎರಡನೇ ಚುಕ್ಕೆ ಹುಟ್ಟಿಬಿಡುತ್ತೆ. ಆಮೇಲೆ ಅದು ಅಪ್ಪ ಹೊಡೆದದ್ದೋ ನಾನು ಹೊಡೆದದ್ದೋ ನನಗೇ ತಿಳಿಯಲ್ಲ. ಎರಡು ವರ್ಷ ಹೋದ್ರೆ ಅಪ್ಪನೇ ಹೊಡೆದದ್ದು ಅಂತ ನಂಬಿಬಿಡ್ತೀನಿ." ಅವರು ಕೈಗವಸು ಕಳಚಿ ಅವಳ ಮುಂದಿಟ್ಟರು. "ತನ್ನ ಅಂಗಡಿ ಬಟ್ಟಿಗೆ ತಾನೇ ಸರಿ ಇದೆ ಅಂತ ಮುದ್ರೆ ಒತ್ತಿಕೊಳ್ಳೋಕೆ ನಾನು ಯಾರಿಗೂ ಬಿಟ್ಟವನಲ್ಲ. ಮೊನ್ನೆ ಮಗು ಕಾಲಿನ ಮುಳ್ಳು ನೀನು ತೆಗೆದಿದ್ದು ನೋಡಿದೆ, ಅದಕ್ಕೆ ಗೊತ್ತೇ ಆಗಲಿಲ್ಲ. ಒಂದು ಉಪಕಾರ ಮಾಡಮ್ಮ. ನಾನು ಒಳಗೆ ಹೋಗಿ ಕೂರ್ತೀನಿ. ಕಡ್ಡಿಯಿಂದ ಆ ಕಾಳಿನಷ್ಟನ್ನ ನೀನು ತೆಗಿ. ಏನು ಕಂಡಿತು ಅಂತ ನನಗೆ ಹೇಳಬೇಡ, ನಾಳೆ ನಮ್ಮಕ್ಕ ಬಂದ ಮೇಲೆ ಅವಳಿಗೆ ಮೊದಲು ಹೇಳು."