ಗರಾಫಾ ಲೈನಿನ ಪುಕ್ಕಟೆ ಬಸ್ಸು

ಬಸ್ಸಿನ ಬಾಗಿಲಲ್ಲಿ ಹೊತ್ತು ಕಳೆಯುವುದೆಂದರೆ ತುಕ್ರಣ್ಣನಿಗೆ ಮೈಯೆಲ್ಲ ಉರಿ. ಅದು ಊರಿನ ಚಾಳಿ. ಕಾರ್ಕಳದ ಕಡೆ ಹನ್ನೆರಡು ವರ್ಷ ಪ್ರೈವೇಟ್ ಬಸ್ಸು ಓಡಿಸಿದವನು. ಅಲ್ಲಿ ಅರ್ಧ ನಿಮಿಷ ನಿಂತರೆ ಹಿಂದಿನ ಬಸ್ಸಿನವನು ಮುಂದಿನ ಸ್ಟಾಪಿನ ಜನರನ್ನೆಲ್ಲ ಬಾಚಿಕೊಂಡು ಹೋಗುತ್ತಾನೆ. ಕತಾರಿನಲ್ಲಿ ಮೆಟ್ರೊ ನಿಲ್ದಾಣದಿಂದ ಅಲ್ ಗರಾಫಾದ ಒಳರಸ್ತೆಗಳಿಗೆ ಹೋಗುವ ಚಿಕ್ಕ ಬಸ್ಸು ಸಿಕ್ಕಿದ ಮೇಲೂ, ಹಿಂದೆ ಯಾವ ಬಸ್ಸೂ ಅಟ್ಟಿಸಿಕೊಂಡು ಬರದಿದ್ದರೂ, ಅವಸರ ಮಾತ್ರ ಬಿಡಲಿಲ್ಲ.

ಬಸ್ಸು ಪುಕ್ಕಟೆ. ಆದರೂ ಹತ್ತುವವರು ಬಾಗಿಲ ಬಳಿಯ ಯಂತ್ರಕ್ಕೆ ಮೆಟ್ರೊ ಕಾರ್ಡು ಮುಟ್ಟಿಸಬೇಕು. ಬೆಳಗಿನ ಟ್ರಿಪ್ಪಿಗೆ ಬರುವವರು ಗರಾಫಾದ ಮನೆಗಳಲ್ಲಿ ಅಡುಗೆ, ಕಸಮುಸುರೆ ಮಾಡುವ ಹೆಂಗಸರು, ಇಪ್ಪತ್ತೈದು ಮಂದಿ. ಎಲ್ಲರಿಗಿಂತ ಮುಂದೆ ಪೂವಕ್ಕ. ನಜ್ಮಾ ಬಡಾವಣೆಯ ಹಂಚಿಕೊಂಡ ಕೋಣೆಯಿಂದ ಹೊರಟು ಬರುವವಳು. ಮೂರು ಮನೆಯ ಅಡುಗೆಯ ಸಂಬಳದಲ್ಲೇ ಮಂಗಳೂರಿನಲ್ಲಿ ಮಗಳು ಮೋಕ್ಷಾ ನರ್ಸಿಂಗ್ ಓದುತ್ತಿದ್ದಳು. ಎರಡು ಕೈಯಲ್ಲೂ ಚೀಲ. ಅದನ್ನಿಳಿಸಿ ಕಾರ್ಡು ಹುಡುಕತೊಡಗಿದರೆ ಹಿಂದೆ ಸಾಲು ನಿಲ್ಲುತ್ತಿತ್ತು.

"ಹತ್ತಿ ಪೂವಕ್ಕ, ಹತ್ತಿ. ಫ್ರೀ ಬಸ್ಸಿಗೆ ಎಂತ ಕಾರ್ಡು? ಯಲ್ಲಾ, ಯಲ್ಲಾ!"

ಹಿಂದಿನವರಿಗೂ ಅದೇ ಮಾತು. ಉಪಕಾರ ಮಾಡಿದೆನೆಂಬ ಹೆಮ್ಮೆಯೂ ಪಾಪ ಅವನಿಗಿತ್ತು. ಹೀಗೇ ಒಂದು ವರ್ಷ ಕಳೆಯಿತು. ಮೇ ಕೊನೆಗೆ ನೋಟಿಸು ಬಂತು: ಜೂನ್ ಒಂದರಿಂದ ಈ ಲೈನು ಬಂದ್.

ತುಕ್ರಣ್ಣ ರಜೆ ಹಾಕಿ ಆಫೀಸಿಗೆ ಓಡಿದ. ಯಾವ ಲೈನಿಗೆ ಎಷ್ಟು ಹಣವೆಂದು ಪಟ್ಟಿ ಮಾಡುವವರು ಮೈಸೂರಿನ ನಾಗಾರ್ಜುನ. ಕೆಟ್ಟ ಮನುಷ್ಯನೇನಲ್ಲ, ಕೂರಿಸಿ ಚಹಾ ಕೊಟ್ಟರು.

"ನೋಡಿ ತುಕ್ರ ಅವ್ರೇ, ಫ್ರೀ ಬಸ್ಸಲ್ಲಿ ಒಂದು ರಿಯಾಲೂ ಹುಟ್ಟಲ್ಲ. ಬಸ್ಸಿನ ಖರ್ಚು, ನಿಮ್ ಸಂಬಳ ಎಲ್ಲಾ ಸರ್ಕಾರ ಕೊಡೋದು. ಕಾರ್ಡ್ ಮುಟ್ಸಿರೋ ಲೆಕ್ಕ ನೋಡಿ ಲೈನಿಗಿಷ್ಟು ಅಂತ ಹಂಚ್ತೀವಿ. ನಿಮ್ ಟ್ರಿಪ್ಪಲ್ಲಿ ದಿನಕ್ಕೆ ಇಬ್ರು. ಇಬ್ರಿಗೋಸ್ಕರ ಬಸ್ಸು ಓಡ್ಸೋಕಾಗುತ್ತಾ?"

"ಇಬ್ಬರಲ್ಲ ಸಾರ್, ತುಂಬಿ ಹೋಗ್ತದೆ! ಕಾರ್ಡು ಬೇಡ ಅಂತ ಒಂದು ವರ್ಷದಿಂದ ನಾನೇ ಹೇಳಿದ್ದು."

ನಾಗಾರ್ಜುನ ಕನ್ನಡಕ ತೆಗೆದಿಟ್ಟರು. "ಒಂದು ವರ್ಷಾನಾ? ಆ ದುಡ್ಡು ಆಗ್ಲೇ ಬೇರೆ ಲೈನಿಗೆ ಹೋಯ್ತಲ್ರೀ. ಖಲಾಸ್."

ಕೊನೆಯ ದಿನ ಪೂವಕ್ಕ ಮುಂದಿನ ಸೀಟಿನಲ್ಲೇ ಕೂತಳು. ಈ ಬಿಸಿಲಲ್ಲಿ ಮುಕ್ಕಾಲು ಗಂಟೆ ನಡೆಯಲಾಗದು, ಟ್ಯಾಕ್ಸಿಗೆ ಅರ್ಧ ಸಂಬಳ ಬೇಕು. ಎರಡು ಮನೆಯವರು ಆಗಲೇ ಮನೆಯಲ್ಲೇ ಇರುವ ಆಳನ್ನು ಗೊತ್ತುಮಾಡಿದ್ದರು.

"ಬರುವ ವಾರ ಊರಿಗೆ ಹೋಗ್ತೇನೆ ತುಕ್ರಣ್ಣ. ಮೋಕ್ಷಾನದ್ದು ಇನ್ನೊಂದೇ ವರ್ಷ ಇತ್ತು. ಬಿಡಿಸ್ಬೇಕಷ್ಟೆ."

 ಅವಳು ಇಳಿಯುವ ಸ್ಟಾಪಿನಲ್ಲಿ ತುಕ್ರಣ್ಣ ಬಸ್ಸು ನಿಲ್ಲಿಸಿ, ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟ. ಬೈದರೆ ಬೈಯಲಿ ಎಂದು ತಲೆ ತಗ್ಗಿಸಿದ.

ಪೂವಕ್ಕ ಬೈಯಲಿಲ್ಲ. ಎರಡೂ ಚೀಲ ಎತ್ತಿಕೊಂಡಳು.

"ಒಂದು ಮಾತು ಹೇಳ್ಬಹುದಿತ್ತಲ್ಲ ನೀವು. ಮುಟ್ಟಿಸ್ತಿದ್ದೆ. ಅದ್ರಲ್ಲಿ ನಂಗೆ ಎಂತ ಕಷ್ಟ ಇತ್ತು?"

ಇಳಿದು ಹೋದಳು. ತುಕ್ರಣ್ಣ ಸ್ಟಿಯರಿಂಗಿಗೆ ಹಣೆ ಹಚ್ಚಿ ಅತ್ತ. ಹಿಂದಿನ ಸೀಟಿನಲ್ಲಿದ್ದ, ಇದೇ ಬಸ್ಸಿನಲ್ಲಿ ದಿನಾ ಮನೆಗೆಲಸಕ್ಕೆ ಹೋಗುವ ಟ್ರೀಸಾ ಎದ್ದು ಬಂದು ಮೈ ಹುಷಾರಿಲ್ಲವೇ ಎಂದು ವಿಚಾರಿಸಿದಳು. ಕಾರ್ಡು ಬೇಡ ಎಂದು ಅವಳನ್ನೂ ಹತ್ತಿಸಿಕೊಂಡಿದ್ದನಲ್ಲ, ನಡೆದದ್ದನ್ನು ಇನ್ನು ಅವಳಿಗೂ ಹೇಳಬೇಕಿತ್ತು.